ಮಳೆಗಾಲದಲ್ಲಿ ಬಿಜಾಪುರದ ಕಡೆಗೆ

ಮಳೆಗಾಲದಲ್ಲಿ ಟೂರ್ ಹೋಗುವ ಅಭ್ಯಾಸ ನಮ್ಮ ಕರಾವಳಿಯವರಿಗಿಲ್ಲ. ಜೂನ್ ಬಂತೆಂದರೆ ಬೋಟುಗಳು ದಡ ಸೇರುತ್ತವೆ, ಮನೆ ಕಟ್ಟುವ ಕೆಲಸ ನಿಲ್ಲುತ್ತದೆ, ನಾವೂ ಮನೆಯೊಳಗೆ ಸೇರುತ್ತೇವೆ. ಆದರೆ ಗಲ್ಫ್‌ನಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಒಮಾನಿನ ಸಲಾಲಕ್ಕೆ ಜನ ಮುಗಿಬೀಳುವುದೇ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಖರೀಫ್ ಮಳೆಯಲ್ಲಿ. ನಮಗೆ ಕಿರಿಕಿರಿಯಾದ ಮಳೆಯೇ ಅಲ್ಲಿ ಸೀಸನ್.

ಹೀಗೆ ಮಾತಾಡುತ್ತಾ ಕಳೆದ ಜುಲೈಯಲ್ಲಿ ನಾವು ನಾಲ್ಕು ಮಂದಿ ಉಸ್ತಾದರು ವಿಜಯಪುರ ಜಿಲ್ಲೆಗೆ ಹೊರಟೆವು. ಕರೆದವರು ನಮ್ಮ ಮದ್ರಸದ ಕಾಂಪೌಂಡ್ ಕಟ್ಟಿದ ಮೇಸ್ತ್ರಿ, ಮುದ್ದೇಬಿಹಾಳ ತಾಲೂಕಿನವರು. ನಾವು ‘ಬಿಜಾಪುರದವರು’ ಎಂದು ಒಂದೇ ಹೆಸರಿನಲ್ಲಿ ಕರೆಯುವ ಕೆಲಸಗಾರರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಬಹಳ. ಅವರ ಊರು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಮಂಗಳೂರಿನಿಂದ ವಿಜಯಪುರಕ್ಕೆ ನೇರ ರೈಲಿದೆ. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ತಲುಪಬಹುದು. ಮಳೆಗಾಲವಾದ್ದರಿಂದ ಘಾಟಿಯ ಸುದ್ದಿ ಕೇಳಿಯೇ ಹೊರಡಬೇಕು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಗುಡ್ಡ ಕುಸಿದು ರೈಲುಗಳು ಹಲವು ದಿನ ನಿಂತಿದ್ದವು. ನಮಗೆ ಹಾಗೇನೂ ಆಗಲಿಲ್ಲ. ಸಕಲೇಶಪುರದವರೆಗೆ ಕಿಟಕಿ ತೆರೆಯಲಾಗದ ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಬಯಲು, ಗಾಳಿ, ಓಡುವ ಮೋಡ. ಕೊಡೆ ಬಿಚ್ಚುವ ಪ್ರಮೇಯವೇ ಇಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ. ಅಲ್ಲಿಗೆ 600ರ ಆಸುಪಾಸು.

ಗೋಲಗುಂಬಜ್‌ನಲ್ಲಿ ನೂಕುನುಗ್ಗಲು ಇರಲಿಲ್ಲ. ಪಿಸುಮಾತಿನ ಮೊಗಸಾಲೆಯಲ್ಲಿ ಪಿಸುಮಾತು ನಿಜವಾಗಿಯೂ ಕೇಳಬೇಕಾದರೆ ಇಂಥ ದಿನವೇ ಹೋಗಬೇಕು. ಲಾಡ್ಜ್‌ನಲ್ಲೂ ಕೇಳಿದ ಕೂಡಲೇ ರೂಮ್ ಸಿಕ್ಕಿತು.

ಮರುದಿನ ಬಸ್ಸಿನಲ್ಲಿ ಇಂಡಿ. ಇಲ್ಲಿನ ನಿಂಬೆಗೆ ಜಿಐ ಮಾನ್ಯತೆ ಇದೆ. ಅಲ್ಲಿಂದ ಸಿಂದಗಿ. ಈ ಕಡೆಯ ನದಿ ಭೀಮಾ. ಇಲ್ಲಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ದಂಡೆಯ ಊರುಗಳು ಮುಳುಗುತ್ತವೆ. 2020ರ ಅಕ್ಟೋಬರ್‌ನಲ್ಲೂ ದಂಡೆಯ ಊರುಗಳು ಮುಳುಗಿದ್ದವು. ಮಳೆಗಾಲದಲ್ಲಿ ಹೋಗುವವರು ನದಿಗೆ ಇಳಿಯುವ ಆಸೆ ಬಿಡಬೇಕು.

ಮೂರನೇ ದಿನ ಬಸವಣ್ಣನವರ ಬಸವನ ಬಾಗೇವಾಡಿ ನೋಡಿಕೊಂಡು ಆಲಮಟ್ಟಿಗೆ ಬಂದೆವು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು. 26 ಗೇಟುಗಳು, 123 ಟಿಎಂಸಿ ನೀರು. ಅದು ತುಂಬುವುದೂ ಸಹ್ಯಾದ್ರಿಯ ಆಚೆ ಮಗ್ಗುಲಲ್ಲಿ ಬಿದ್ದ ಮಳೆಯಿಂದ.

ಸಂಜೆ ಮೇಸ್ತ್ರಿಯ ಊರು ಮುಟ್ಟಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಊಟವಾದ ಮೇಲೆ ಹೊಲ ತೋರಿಸಿದರು. ಜೂನ್‌ನಲ್ಲಿ ಒಂದು ಮಳೆ ಬಿದ್ದಾಗ ತೊಗರಿ ಬಿತ್ತಿದ್ದಾರೆ. ಆಮೇಲೆ ಇಪ್ಪತ್ತು ದಿನ ಹನಿಯಿಲ್ಲ. ಎರೆಮಣ್ಣು ಬಿರಿಯಲು ಶುರುವಾಗಿತ್ತು, ಗೇಣುದ್ದದ ಸಸಿ ಬಾಡಿತ್ತು.

“ಉಸ್ತಾದ್ರ, ನಿಮ್ಮ ಕಡಿ ಮಳಿ ಸಾಕಪ್ಪಾ ಅಂತೀರಿ. ನಮಗ ಒಂದ್ ಹದಾ ಮಳಿ ಆದ್ರ ಸಾಕ್ರಿ, ಬೆಳಿ ಉಳೀತೈತಿ. ಬೀಜಾ ಗೊಬ್ಬರಾ ಎಲ್ಲಾ ಉದ್ರಿ ತಂದೀವ್ರಿ” ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಂಪೌಂಡ್ ಕೆಲಸದ ಲೆಕ್ಕದಲ್ಲಿ ಇವರಿಗೆ ಕೊಡಬೇಕಾದ ಬಾಕಿ ನಮ್ಮಲ್ಲೇ ಉಳಿದಿತ್ತು. “ಮಳೆ ಮುಗಿಯಲಿ, ನೋಡುವ” ಎಂದು ಕಳಿಸಿದವರು ನಾವೇ. ಇವರು ಕರೆದು ಊಟ ಹಾಕಿದರೇ ಹೊರತು ಆ ಮಾತು ಎತ್ತಲಿಲ್ಲ. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಹದೀಸನ್ನು ಮಕ್ಕಳಿಗೆ ಕಲಿಸುವವರೂ ನಾವೇ. ರಾತ್ರಿಯೇ ಕಮಿಟಿಯವರಿಗೆ ಫೋನ್ ಮಾಡಿ ಹಣ ಹಾಕಿಸಿದೆವು.

ಮಗ್ರಿಬ್ ಬಳಿಕ ಅಲ್ಲಿನ ಸಣ್ಣ ಮಸೀದಿಯಲ್ಲಿ ಮಳೆಗಾಗಿ ದುಆ ಮಾಡುವಾಗ ಇನ್ನೊಂದು ಹದೀಸ್ ನೆನಪಾಗಿತ್ತು. ಜುಮಾ ದಿನ ಒಬ್ಬರು ಬಂದು ಮಳೆಗಾಗಿ ದುಆ ಮಾಡಿಸುತ್ತಾರೆ. ಮುಂದಿನ ಜುಮಾಗೆ, ಮಳೆ ಹೆಚ್ಚಾಯಿತು, ನಿಲ್ಲಲಿ ಎಂದು ದುಆ ಮಾಡಿಸುತ್ತಾರೆ. ನಾವು ಕರಾವಳಿಯವರಿಗೆ ಎರಡನೇ ಜುಮಾ ಮಾತ್ರ ಗೊತ್ತು. ಮೊದಲನೆಯದು ಏನೆಂದು ಈ ಹೊಲದಲ್ಲಿ ಅರ್ಥವಾಯಿತು.

ವಾಪಸು ಬರುವಾಗ ಘಾಟಿಯಲ್ಲಿ ಅದೇ ಮಳೆ. ಈ ಸಲ ಯಾರೂ “ಎಂಥ ಮಳೆ ಮಾರ್ರೆ” ಎನ್ನಲಿಲ್ಲ. ಆಗಸ್ಟ್ ಮೊದಲ ವಾರ ಮೇಸ್ತ್ರಿಯ ಫೋನ್ ಬಂತು. ಮಳೆ ಬಂದಿದೆ, ಅರ್ಧ ತೊಗರಿ ಉಳಿದಿದೆ, ಉಳಿದರ್ಧದಲ್ಲಿ ಹಿಂಗಾರಿಗೆ ಜೋಳ ಹಾಕುತ್ತಾರಂತೆ.

ಮಳೆಗಾಲದಲ್ಲಿ ಆ ಕಡೆ ಒಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಹೊರಡುವ ಮೊದಲು, ನಿಮ್ಮ ಮನೆ ಕಟ್ಟಿದವರ ಬಾಕಿ ಏನಾದರೂ ಉಳಿದಿದೆಯೇ ಎಂದು ನೋಡಿ. ನಮಗೆ ಕೆಲಸ ನಿಲ್ಲುವ ತಿಂಗಳೇ ಅವರಿಗೆ ಬಿತ್ತುವ ತಿಂಗಳು. ಆ ಹಣ ಮಳೆಗೆ ಮೊದಲೇ ಅವರ ಕೈ ಸೇರಬೇಕು.