ಪುರಾತತ್ತ್ವಜ್ಞರ ದಿನಚರಿ

ನಾವು ವಿದ್ಯಾರ್ಥಿಗಳಾಗಿದ್ದಾಗ ಒಮ್ಮೆ ಬಳ್ಳಾರಿಯ ಸಮೀಪದ ಸಂಗನಕಲ್ಲಿನ ಗುಡ್ಡಗಳನ್ನು ನೋಡಲು ಹೋಗಿದ್ದೆವು. ಇಳಿದು ಬರುವಾಗ ಅಂಗೈಯಗಲದ ಕರಿಗಲ್ಲೊಂದು ಕಣ್ಣಿಗೆ ಬಿದ್ದಿತು. ಅದರ ಒಂದು ಅಂಚು ಕೊಡಲಿಯ ಬಾಯಿಯಂತೆ ಉಜ್ಜಿ ನುಣುಪಾಗಿತ್ತು. ಸಂತೋಷದಿಂದ ಮನೆಗೆ ತಂದೆವು. ಬಹುಕಾಲ ಅದು ಮೇಜಿನ ಮೇಲೆ ಕಾಗದ ಹಾರದಂತೆ ಒತ್ತುಗಲ್ಲಾಗಿತ್ತು. ಮುಂದೊಂದು ದಿನ ಪುರಾತತ್ತ್ವಜ್ಞರಾದ ಮಿತ್ರರೊಬ್ಬರು ಬಂದವರು ಅದನ್ನು ಕೈಗೆತ್ತಿಕೊಂಡು, “ಇದು ನೂತನ ಶಿಲಾಯುಗದ ಕೊಡಲಿಯಲ್ಲವೆ! ಗುಡ್ಡದ ಯಾವ ಪಾರ್ಶ್ವದಲ್ಲಿ ಸಿಕ್ಕಿತು? ಸುತ್ತ ಏನೇನಿತ್ತು?” ಎಂದು ಕೇಳಿದರು. ಒಂದು ಪ್ರಶ್ನೆಗೂ ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಕಲ್ಲನ್ನು ಮೆಲ್ಲನೆ ಕೆಳಗಿಟ್ಟು, “ಹಾಗಾದರೆ ಇದರಿಂದ ತಿಳಿಯತಕ್ಕದ್ದು ಹೆಚ್ಚಿಲ್ಲ” ಎಂದರು.

ಆ ಮಾತು ನಮ್ಮನ್ನು ನಾಚಿಸಿತು. ಪುರಾತತ್ತ್ವಜ್ಞರ ಕೆಲಸವೆಂದರೇನೆಂಬುದನ್ನೂ ಕಲಿಸಿತು. ನೆಲದಲ್ಲಿ ಹೂತ ಹೊನ್ನಿನ ಕೊಪ್ಪರಿಗೆಯನ್ನು ಹುಡುಕುವವರೇ ಪುರಾತತ್ತ್ವಜ್ಞರೆಂದು ಜನರು ತಿಳಿಯುವುದುಂಟು. ನಿಜವಾಗಿ ಅವರು ಹುಡುಕುವುದು ವಸ್ತುವನ್ನಷ್ಟೇ ಅಲ್ಲ, ವಸ್ತುವಿದ್ದ ಜಾಗವನ್ನು. ಅವರ ದಿನದ ಬಹುಭಾಗ ಕಳೆಯುವುದು ಆ ಜಾಗವನ್ನು ಬರೆದಿಡುವುದರಲ್ಲಿಯೇ.

ಈ ಶಿಸ್ತನ್ನು ನಮ್ಮ ದೇಶದಲ್ಲಿ ಮೊದಲು ತೋರಿಸಿಕೊಟ್ಟವರಲ್ಲಿ ರಾಬರ್ಟ್ ಬ್ರೂಸ್ ಫೂಟರು ಪ್ರಮುಖರು. ೧೮೩೪ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು ೧೮೫೮ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಉದ್ಯೋಗವು ಶಿಲೆಗಳ ಪರೀಕ್ಷೆ. ಆದಿಮಾನವನ ಆಯುಧಗಳು ಅವರ ಸ್ವಂತ ಆಸಕ್ತಿ. ೧೮೬೩ರ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಹರಳು ತುಂಬಿದ ಗುಂಡಿಯೊಂದರಲ್ಲಿ, ಮನುಷ್ಯನು ಬೇಕೆಂದೇ ಚಕ್ಕೆಯೆಬ್ಬಿಸಿ ಮಾಡಿದ ಕಲ್ಲಿನ ಆಯುಧ ಅವರಿಗೆ ದೊರೆಯಿತು. ಅದೇ ವರ್ಷ ಅವರೂ ವಿಲಿಯಂ ಕಿಂಗ್ ಎಂಬ ಸಹೋದ್ಯೋಗಿಯೂ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಅನೇಕ ಆಯುಧಗಳನ್ನು ಕಂಡರು. ಮುಂದೆ ಬಳ್ಳಾರಿ ಪ್ರಾಂತದಲ್ಲಿಯೂ ಫೂಟರು ಬಹಳ ಸಂಚರಿಸಿದರು. ಸಂಗ್ರಹಿಸಿದ ವಸ್ತುಗಳನ್ನು ಯಾವುದು ಎಲ್ಲಿಯದೆಂದು ಬರೆದಿಟ್ಟರು. ೧೯೦೪ರಲ್ಲಿ ಆ ಸಂಗ್ರಹವು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅವರು ೧೯೧೨ರಲ್ಲಿ ತೀರಿಕೊಂಡ ಮೇಲೆ, ೧೯೧೪ರಲ್ಲಿಯೂ ೧೯೧೬ರಲ್ಲಿಯೂ ಅದರ ವಿವರಗಳು ಗ್ರಂಥರೂಪದಲ್ಲಿ ಪ್ರಕಟವಾದವು.

ಇಂದಿನ ಉತ್ಖನನದಲ್ಲಿ ಈ ಶಿಸ್ತು ಇನ್ನೂ ಬಿಗಿಯಾಗಿದೆ. ಬಿಸಿಲೇರುವ ಮುನ್ನವೇ ಕೆಲಸ ಮೊದಲಾಗುತ್ತದೆ. ನೆಲವನ್ನು ಗೂಟ ನೆಟ್ಟು, ಹುರಿ ಕಟ್ಟಿ ಚೌಕಗಳಾಗಿ ವಿಂಗಡಿಸಿರುತ್ತಾರೆ. ಸಣ್ಣ ಕರಣೆಯಿಂದ ಮಣ್ಣನ್ನು ತೆಳುವಾಗಿ ಕೆರೆದು, ಕುಂಚದಿಂದ ಗುಡಿಸುತ್ತಾರೆ. ಮಣ್ಣಿನ ಬಣ್ಣವೋ ಗಡಸುತನವೋ ಬದಲಾದರೆ ಅಲ್ಲಿಗೆ ಒಂದು ಪದರ ಮುಗಿದು ಇನ್ನೊಂದು ಆರಂಭವಾಯಿತೆಂದು ಗುರುತು ಮಾಡುತ್ತಾರೆ. ಅಟ್ಟದ ಮೇಲೆ ಒಂದರ ಮೇಲೊಂದು ಪೇರಿಸಿದ ಹಳೆಯ ಪತ್ರಿಕೆಗಳಲ್ಲಿ ತಳದಲ್ಲಿರುವುದೇ ಹಳೆಯದಷ್ಟೆ? ನೆಲದ ಪದರಗಳಿಗೂ ಅದೇ ನ್ಯಾಯ. ಆದರೆ ಇಲಿಯೊಂದು ಬಿಲ ತೋಡಿದ್ದರೆ ಮೇಲಿನದು ಕೆಳಕ್ಕೆ ಜಾರಿರಬಹುದು; ಆದುದರಿಂದ ಬಿಲದ ಗುರುತನ್ನೂ ನಕ್ಷೆಯಲ್ಲಿ ಬರೆಯಬೇಕು. ಮಧ್ಯಾಹ್ನ ಮಡಕೆಯ ಚೂರುಗಳನ್ನು ತೊಳೆದು ಒಣಗಿಸಿ, ಒಂದೊಂದಕ್ಕೂ ಪದರದ ಸಂಖ್ಯೆ ಬರೆಯುವುದು. ಸಂಜೆ ದೀಪದ ಬೆಳಕಿನಲ್ಲಿ ದಿನದ ಟಿಪ್ಪಣಿಯನ್ನು ಪೂರೈಸುವುದು. ದಿನಗಟ್ಟಲೆ ಕಣ್ಸೆಳೆಯುವ ವಸ್ತುವೊಂದೂ ಸಿಕ್ಕದಿರಬಹುದು.

ಅಗೆದ ಮಣ್ಣನ್ನು ಕೂಡ ಸುಮ್ಮನೆ ಚೆಲ್ಲುವುದಿಲ್ಲ. ಅದನ್ನು ನೀರಿನಲ್ಲಿ ಕದಡಿದರೆ ಮಣ್ಣು ತಳಕ್ಕಿಳಿದು, ಹಗುರವಾದ ಸೀದ ಕಾಳುಗಳು ಮೇಲೆ ತೇಲುತ್ತವೆ. ಸಂಗನಕಲ್ಲಿನಲ್ಲಿ ಹುರುಳಿ, ಹೆಸರು, ಕೊರಲೆ ದೊರೆತದ್ದು ಹೀಗೆ. ಸುಮಾರು ೪,೦೦೦ ವರ್ಷಗಳ ಹಿಂದೆ ಅಲ್ಲಿ ನೆಲಸಿದವರ ಅಡಿಗೆಯಲ್ಲಿ ಏನಿತ್ತೆಂಬುದನ್ನು ನಾವು ಬಲ್ಲೆವಾದರೆ ಅದು ಯಾರದೋ ಒಲೆಯಲ್ಲಿ ಸೀದು ಉಳಿದ ಕಾಳಿನ ಉಪಕಾರ.

ಇಲ್ಲಿಂದ ಮುಂದಕ್ಕೆ ಭೌತಶಾಸ್ತ್ರದ ನೆರವು ಬೇಕಾಗುತ್ತದೆ. ಜೀವವಿರುವಾಗ ಸಸ್ಯವು ಗಾಳಿಯಿಂದ ವಿಕಿರಣಶೀಲ ಕಾರ್ಬನ್ ೧೪ನ್ನು ಪಡೆಯುತ್ತಿರುತ್ತದೆ. ಸತ್ತ ಮೇಲೆ ಅದು ೫,೭೩೦ ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ೪,೦೦೦ ವರ್ಷಗಳ ಕಾಳಿನಲ್ಲಿ ನೂರರಲ್ಲಿ ಸುಮಾರು ೬೨ ಪಾಲು ಉಳಿದಿರುತ್ತದೆ. ಕಾಲವು ಸುಮಾರು ೫೦,೦೦೦ ವರ್ಷಗಳನ್ನು ಮೀರಿದರೆ ಈ ಗಡಿಯಾರ ನಿಲ್ಲುತ್ತದೆ. ಮೇಲಾಗಿ ಕಲ್ಲಿಗೆ ಜೀವವೇ ಇಲ್ಲ. ಅದಕ್ಕೆ ಬೇರೆ ಗಡಿಯಾರ ಬೇಕು. ನೆಲದ ಮೇಲೆ ಬಿದ್ದಿರುವ ಬೆಣಚುಕಲ್ಲಿನೊಳಗೆ ವಿಶ್ವಕಿರಣಗಳು ಅಲ್ಯುಮಿನಿಯಂ ೨೬, ಬೆರಿಲಿಯಂ ೧೦ ಎಂಬ ವಿಕಿರಣಶೀಲ ಪರಮಾಣುಗಳನ್ನು ಉಂಟುಮಾಡುತ್ತವೆ. ಕಲ್ಲು ಆಳದಲ್ಲಿ ಹೂತುಹೋದರೆ ಈ ಉತ್ಪತ್ತಿ ಬಹುಮಟ್ಟಿಗೆ ನಿಲ್ಲುತ್ತದೆ, ಕ್ಷಯ ಮಾತ್ರ ನಡೆಯುತ್ತದೆ. ಮೊದಲನೆಯದರ ಅರ್ಧಾಯು ಸುಮಾರು ೭ ಲಕ್ಷ ವರ್ಷ, ಎರಡನೆಯದರದು ಸುಮಾರು ೧೪ ಲಕ್ಷ. ಆದುದರಿಂದ ಇವುಗಳ ಪ್ರಮಾಣವನ್ನು ಹೋಲಿಸಿ ಕಲ್ಲು ಹೂತುಹೋದ ಕಾಲವನ್ನು ಲೆಕ್ಕ ಹಾಕಬಹುದು. ಫೂಟರು ಕಂಡ ಆ ಅತ್ತಿರಂಪಾಕ್ಕಂನಲ್ಲಿಯೇ ಹೊಸದಾಗಿ ಉತ್ಖನನ ನಡೆಸಿದ ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು, ಅಲ್ಲಿನ ಅತಿ ಹಳೆಯ ಆಯುಧಗಳು ಸುಮಾರು ೧೫ ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು ೨೦೧೧ರಲ್ಲಿ ಪ್ರಕಟಿಸಿದರು. ಕಲ್ಲುಗಳು ತಮ್ಮ ಪದರದಲ್ಲಿಯೇ ಇದ್ದುದರಿಂದ ಈ ಲೆಕ್ಕ ಸಾಧ್ಯವಾಯಿತು. ನಮ್ಮ ಒತ್ತುಗಲ್ಲಿನಂತೆ ಮೇಜಿಗೆ ಬಂದ ಕಲ್ಲಿಗೆ ಎಷ್ಟು ಸೂಕ್ಷ್ಮವಾದ ಉಪಕರಣವಿದ್ದರೂ ಏನು ಪ್ರಯೋಜನ?

ಪುರಾತತ್ತ್ವಜ್ಞರು ವಸ್ತುಸಂಗ್ರಹಾಲಯಕ್ಕೆ ಹೋಗುವ ಬಗೆಯೂ ಬೇರೆ. ನಾವು ಗಾಜಿನ ಪೆಟ್ಟಿಗೆಯಲ್ಲಿನ ಸುಂದರ ವಸ್ತುವಿನ ಮುಂದೆ ನಿಲ್ಲುತ್ತೇವೆ. ಅವರು ಒಳಗಿನ ಕೋಣೆಗೆ ಹೋಗಿ ಸೆಳೆಖಾನೆಗಳನ್ನು ತೆರೆಸಿ, ತಾವು ಅಗೆದ ಚೂರಿನ ಅಂಚಿಗೆ ಹೋಲುವ ಮತ್ತೊಂದು ಅಂಚನ್ನು ಹುಡುಕುತ್ತಾರೆ. ಅವರ ಕಣ್ಣು ಮೊದಲು ಹೋಗುವುದು ಚೀಟಿಯ ಕಡೆಗೆ. ಫೂಟರ ಹೆಸರಿನ ಸಂಗ್ರಹಾಲಯವೊಂದು ಈಗ ಬಳ್ಳಾರಿಯಲ್ಲಿಯೇ ಉಂಟು. ಓದುಗರು ಅಲ್ಲಿಗೆ ಹೋದಾಗ ಕೊಡಲಿಗಳ ಜೊತೆಗೆ ಚೀಟಿಗಳನ್ನೂ ಓದಬೇಕೆಂದು ನಮ್ಮ ಸೂಚನೆ.

ಸಂಗನಕಲ್ಲಿನ ಆಸುಪಾಸಿನ ಗುಡ್ಡಗಳಿಗೆ ಕಲ್ಲುಗಣಿಗಳಿಂದ ಬಹಳ ಹಾನಿಯಾಗಿದೆ. ಅಲ್ಲಿ ಶಿಲಾಯುಗದವರು ಕೊಡಲಿ ತಯಾರಿಸಿದ ಕಮ್ಮಟಗಳಿವೆ. ಬಂಡೆಯ ಮೇಲೆ ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರಗಳಿವೆ. ಸಿಡಿಮದ್ದಿಗೆ ಸಿಕ್ಕಿದ ಗುಡ್ಡವನ್ನು ಯಾವ ವಿಜ್ಞಾನವೂ ಮರಳಿ ಕಟ್ಟಲಾರದು. ಆದರೆ ಗಣಿಯವರನ್ನು ಮಾತ್ರ ದೂರುವಂತಿಲ್ಲ. ಒಂದೊಂದೇ ಕಲ್ಲನ್ನು ಜೇಬಿಗೆ ಹಾಕಿಕೊಂಡು ಬಂದ ನಮ್ಮಂಥವರದೂ ಅದರಲ್ಲಿ ಪಾಲುಂಟು. ಅಂಥ ಕಲ್ಲು ಕಂಡರೆ ಇದ್ದಲ್ಲಿಯೇ ಬಿಟ್ಟು, ಜಾಗವನ್ನು ಗುರುತು ಹಾಕಿಕೊಂಡು, ಪುರಾತತ್ತ್ವ ಇಲಾಖೆಗೋ ಸಮೀಪದ ಸಂಗ್ರಹಾಲಯಕ್ಕೋ ತಿಳಿಸುವುದೇ ಸರಿಯಾದ ಕ್ರಮ.

ನಮ್ಮ ಕಲ್ಲನ್ನು ಕಡೆಗೆ ಸಂಗ್ರಹಾಲಯವೊಂದಕ್ಕೆ ಒಪ್ಪಿಸಿದೆವು. ಅಲ್ಲಿನವರು ಚೀಟಿ ಬರೆದರು: “ಕಲ್ಲುಕೊಡಲಿ. ಸಂಗನಕಲ್ಲಿನ ಪರಿಸರ. ನಿಖರವಾದ ಸ್ಥಳ ತಿಳಿಯದು.”