ಸಿಟ್ಟು ಬರುವ ದೇವರು, ಸಿಟ್ಟೇ ಬಾರದ ದೇವರು

ಅಲ್ಲಾಳಸಂದ್ರದಿಂದ ಹೆಬ್ಬಾಳದ ಕಡೆ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರ ಮೊಬೈಲಿನಲ್ಲೂ ಈಗ ಮಾರ್ಕಸ್ ಅರೇಲಿಯಸ್ ರೀಲ್ಸ್ ಓಡುತ್ತವೆ. ನಿನ್ನ ಕೈಯಲ್ಲಿ ಇಲ್ಲದ್ದಕ್ಕೆ ತಲೆ ಕೆಡಿಸ್ಕೋಬೇಡ ಅನ್ನೋದು ಸಾರ. ಜಾಮ್‌ಗೆ ಒಳ್ಳೆಯ ಮದ್ದು. ಆದರೆ ಅನ್ಯಾಯ ಕಂಡಾಗಲೂ ಇದೇ ಮದ್ದಾ?

ಉತ್ತರ ನಾವು ದೇವರನ್ನು ಹೇಗೆ ಕಲ್ಪಿಸಿಕೊಳ್ಳುತ್ತೇವೆ ಅನ್ನೋದರ ಮೇಲೂ ನಿಂತಿದೆ. ಸ್ಟೋಯಿಕರ ದೇವರು ಲೋಕದ ಹೊರಗೆ ಕೂತವನಲ್ಲ. ಲೋಕದೊಳಗೇ ಹರಡಿಕೊಂಡು ಅದನ್ನು ನಡೆಸುವ ವಿವೇಕ, ಅಂದರೆ ಲೋಗೋಸ್. ಆಗುವುದೆಲ್ಲ ಅದರಂತೆಯೇ ಆಗುತ್ತದೆ ಅಂದಮೇಲೆ ಸಿಟ್ಟು ಬರೀ ತಪ್ಪು ತಿಳಿವಳಿಕೆ. ಸೆನೆಕ ಸಿಟ್ಟಿನ ವಿರುದ್ಧ ಒಂದು ಗ್ರಂಥವನ್ನೇ ಬರೆದ. ಅಳುವವರಿಗೆ ನೆರವಾಗಬೇಕು, ಜೊತೆಗೆ ಅಳಬಾರದು ಅನ್ನೋದು ಅವನ ನಿಲುವು. ಮರುಕವನ್ನು ಅವನು ಮನಸ್ಸಿನ ರೋಗ ಎಂದ.

ಹಾಗಂತ ಸ್ಟೋಯಿಕರು ಕೈಕಟ್ಟಿ ಕೂತವರಲ್ಲ. ಎಲ್ಲರೊಳಗೂ ಅದೇ ವಿವೇಕದ ಕಿಡಿ ಇರುವುದರಿಂದ ಗುಲಾಮನೂ ಬಂಧುವೇ ಎಂದರು. ಸಾಮ್ರಾಟ ವೆಸ್ಪಾಸಿಯನ್‌ಗೆ ಎದುರಾಡಿದ ಸೆನೆಟರ್ ಹೆಲ್ವಿಡಿಯಸ್ ಪ್ರಿಸ್ಕಸ್ ಜೀವವನ್ನೇ ತೆತ್ತ. ರೀಲ್ಸ್‌ನಲ್ಲಿ ಅವನು ಬರೋದಿಲ್ಲ ಬಿಡಿ.

ಕ್ರೈಸ್ತರ ದೇವರು ಈಜಿಪ್ಟಿನ ಗುಲಾಮರ ಕೂಗು ಕೇಳಿ ಇಳಿದುಬರುವವನು. ಯೇಸುವಾಗಿ ಗೆಳೆಯನ ಸಮಾಧಿಯ ಬಳಿ ಅತ್ತವನು, ರೋಮನ್ ಆಡಳಿತದ ಕೈಯಲ್ಲಿ ಶಿಲುಬೆಗೇರಿದವನು. ಗ್ರೀಕ್ ತತ್ವಶಾಸ್ತ್ರ ಓದಿಕೊಂಡ ಹಲವು ದೇವಶಾಸ್ತ್ರಜ್ಞರಿಗೆ ಇದೇ ಇರಿಸುಮುರಿಸು: ದೇವರಿಗೆ ನೋವು, ಕೋಪ ಉಂಟೇ? ಉಂಟು ಎಂದು ವಾದಿಸಿದವನು ಲ್ಯಾಕ್ಟಾಂಟಿಯಸ್. 4ನೇ ಶತಮಾನದ ಆರಂಭದಲ್ಲಿ ಸ್ಟೋಯಿಕರಿಗೆ ಉತ್ತರವಾಗಿ ದೇವರ ಸಿಟ್ಟಿನ ಬಗ್ಗೆಯೇ ಪುಸ್ತಕ ಬರೆದ. ಕೆಡುಕು ಕಂಡು ಕೆರಳದವನು ಒಳಿತನ್ನು ಪ್ರೀತಿಸಲಾರ ಅನ್ನೋದು ಅವನ ತರ್ಕ.

ನಮ್ಮ ಕಾಲದಲ್ಲಿ ಹೀಗೆ ಬದುಕಿದವರೊಬ್ಬರು ಬೆಂಗಳೂರಿನಲ್ಲೇ ಇದ್ದರು. ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ 1975ರಿಂದ 1986ರವರೆಗೆ ಇಲ್ಲಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರು. ಆಮೇಲೆ ಜಾರ್ಖಂಡ್‌ಗೆ ಹೋಗಿ ಆದಿವಾಸಿಗಳ ಜಮೀನಿನ ಹಕ್ಕಿಗಾಗಿ, ವಿಚಾರಣೆಯಿಲ್ಲದೆ ಜೈಲಲ್ಲಿ ಕೊಳೆಯುತ್ತಿದ್ದ ಹುಡುಗರಿಗಾಗಿ ದುಡಿದರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ, ಯುಎಪಿಎ ಅಡಿ, ಎನ್‌ಐಎ ಅವರನ್ನು 2020ರ ಅಕ್ಟೋಬರ್ 8ರಂದು ಬಂಧಿಸಿತು. ಆರೋಪಗಳನ್ನು ಅವರು ನಿರಾಕರಿಸಿದ್ದರು. ಬಂಧನಕ್ಕೆ ಮುಂಚಿನ ವಿಡಿಯೋದಲ್ಲಿ, ಬೆಲೆ ತೆರಲು ಸಿದ್ಧ ಎನ್ನುವಾಗ ಅವರ ದನಿ ಸೆನೆಕ ಮೆಚ್ಚುವಷ್ಟು ಶಾಂತ. ಆದರೆ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು, ನನ್ನ ಪ್ರಕಾರ, ಸೆನೆಕ ರೋಗ ಎಂದಿದ್ದ ಮರುಕವೇ.

ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದವರು ನೀರು ಕುಡಿಯೋಕೆ ಒಂದು ಸಿಪ್ಪರ್‌ಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ತೀರಿಕೊಂಡಾಗ 84 ವರ್ಷ. ವಿಚಾರಣೆ ಶುರುವೇ ಆಗಿರಲಿಲ್ಲ.