ಆದೋನಿಯ ಕಾರ್ಬೊರೇಟರ್ ಉಸ್ತಾದರು

ಆದೋನಿಯಲ್ಲಿ ಹಳೆಯ ಅಂಬಾಸಡರ್ ಬೆಳಿಗ್ಗೆ ಸ್ಟಾರ್ಟ್ ಆಗದೆ ಹಟ ಹಿಡಿದರೆ ಚಳಿಯನ್ನು ದೂರುವಂತಿಲ್ಲ. ಇಂಜಿನ್ ಮರಗಟ್ಟಿಸುವಂಥ ಚಳಿ ಈ ಬಿಸಿಲು ಸೀಮೆಯಲ್ಲಿ ಎಲ್ಲಿದೆ? ಕಾರಣವನ್ನು ಬೇರೆ ಕಡೆ ಹುಡುಕುತ್ತಾರೆ ಇಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಊರವರಿಗೆ ಅವರು ಉಸ್ತಾದ್. ತೆಲುಗು, ಉರ್ದು, ಕನ್ನಡ ಮೂರೂ ಅವರ ಶೆಡ್ಡಿನ ಭಾಷೆಗಳು.

"ಎಂಟು ದಿನ ಗಾಡಿ ನಿಲ್ಸೀರಿ. ಕಾರ್ಬೊರೇಟರ್ ಬೌಲಿನ ಪೆಟ್ರೋಲ್ ಆರಿ ಹೋಗೇದ. ಖಾಲಿ ಬೌಲ್ ಇಟ್ಕಂಡು ಸೆಲ್ಫ್ ಹೊಡೆದ್ರ ಬ್ಯಾಟ್ರಿ ಇಳೀತದ, ಗಾಡಿ ಸ್ಟಾರ್ಟ್ ಆಗಂಗಿಲ್ರಿ."

ಹಾಗಾಗಿ ಅವರು ಕೀಲಿಯನ್ನು ಮುಟ್ಟುವುದೇ ಇಲ್ಲ. ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಪುಟ್ಟ ಲಿವರನ್ನು ಬೆರಳಿನಿಂದ ಒತ್ತುತ್ತಾರೆ. ಬೌಲ್ ತುಂಬಿ ಸೂಜಿ ವಾಲ್ವ್ ಮುಚ್ಚಿಕೊಂಡ ಕೂಡಲೇ ಲಿವರಿನ ಬಿಗಿ ಹೋಗಿ ಸಡಿಲವಾಗುತ್ತದೆ. ಆ ಸಡಿಲ ಅವರ ಬೆರಳಿಗೆ ಗೊತ್ತು. ಮೊದಲ ಒತ್ತಿಗೇ ಸಡಿಲವಿದ್ದರೆ ಅವರು ಮೋಸ ಹೋಗುವುದಿಲ್ಲ. ಒಳಗಿನ ಕ್ಯಾಮ್ ಪಂಪಿನ ತೋಳನ್ನು ಎತ್ತಿಹಿಡಿದಿರಬಹುದು. ಹ್ಯಾಂಡಲ್ ಹಾಕಿ ಇಂಜಿನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತುತ್ತಾರೆ.

ಚೋಕ್ ಎಳೆಯುವುದು ಆಮೇಲೆ. ಬಿಸಿ ಇಂಜಿನ್ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಕೇಳುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಅರ್ಧ ಪೆಟ್ರೋಲ್ ಆವಿಯಾಗದೆ ಮ್ಯಾನಿಫೋಲ್ಡಿನ ಗೋಡೆಗೆ ಹನಿಯಾಗಿ ಅಂಟುತ್ತದೆ ಅನ್ನಿ. ಆ ಕೊರತೆ ತುಂಬಲು ಚೋಕ್ ಬೇಕು. ಚೋಕ್ ಎಳೆದೂ ಹತ್ತದಿದ್ದರೆ ಪ್ಲಗ್ ಬಿಚ್ಚಿ ನೋಡುತ್ತಾರೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯಿಲ್ಲ, ಇಲ್ಲವೇ ಪೆಟ್ರೋಲ್ ಹೆಚ್ಚಾಗಿದೆ. ಹೆಚ್ಚಾಗಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಬೇಕು. ಕಿಡಿ ಮಂದವಾಗಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜಿ 0.4 ಮಿಲಿಮೀಟರ್ ಸಂದು ಇಡುತ್ತಾರೆ. ಹತ್ತಿಯ ಊರಲ್ಲವೇ, ಜಿನ್ನಿಂಗ್ ಮಿಲ್ಲಿನ ಅರಳೆಧೂಳು ಏರ್ ಫಿಲ್ಟರನ್ನೂ ಬಿಡುವುದಿಲ್ಲ.

ಆದೋನಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂಬಾಸಡರ್ ಬಂದದ್ದು ಅದರ ನಂತರ. ಹತ್ತಿ ದಲಾಲರ ಅಂಗಡಿ ಮುಂದೆ ನಿಲ್ಲುತ್ತಿದ್ದವು, ಮಂತ್ರಾಲಯಕ್ಕೆ ಭಕ್ತರನ್ನು ಒಯ್ಯುತ್ತಿದ್ದವು. ಅವನ್ನು ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತಿತು. 1983ರಲ್ಲಿ ಬಂದ ಮಾರುತಿ 800 ಕೂಡ 2000ದ ಹೊತ್ತಿಗೆ ಕಾರ್ಬೊರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಹೊರಳಿತು.

ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಅದು ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಮನ್ನೂ ಕೆಡಿಸುತ್ತದೆ. ಆವಿಯಾಗಲು ಹೆಚ್ಚು ಶಾಖ ಬೇಡುವುದರಿಂದ ತಣ್ಣಗಿನ ಸ್ಟಾರ್ಟ್ ಇನ್ನಷ್ಟು ಕಷ್ಟ. ಮನೆಯಲ್ಲಿ ಹಳೆಯ ಗಾಡಿ ಇರುವವರು ಆ ಪೈಪುಗಳನ್ನು ಮೊದಲು ಬದಲಿಸುವುದು ಒಳ್ಳೆಯದು.

ಐಟಿಐ ಓದಿದ ಹುಡುಗರು ಸ್ಕ್ಯಾನರ್ ಇರುವ ಗ್ಯಾರೇಜುಗಳಿಗೆ ಹೋಗುತ್ತಾರೆ. ಹೋಗಲಿ, ಅನ್ನ ಅಲ್ಲಿದೆ. ಆದರೆ ಒಂದು ಬೇಸಿಗೆ ರಜೆಯ ಮಟ್ಟಿಗಾದರೂ ಯಾರಾದರೂ ಉಸ್ತಾದರ ಪಕ್ಕ ನಿಂತು ಆ ಲಿವರ್ ಒತ್ತಿ ನೋಡಬೇಕಿತ್ತು. ಅವರು ಸಂಬಳ ಕೊಟ್ಟೇ ಕಲಿಸುತ್ತೇನೆ ಎನ್ನುತ್ತಿದ್ದಾರೆ. ಕೇಳಿಕೊಂಡು ಬಂದವರು ಇನ್ನೂ ಯಾರೂ ಇಲ್ಲ.